ಲೆನ್ಸಿನ ಮೇಲಿನ ಪದರ

ಹೊಸಪೇಟೆ, ೧೪ ಮೇ ೨೦೦೮, ಬುಧವಾರ

ಮನೋಹರ ಮಾವನ ನಗು ಇನ್ನೂ ಕುಟುಕುತ್ತಿದೆ. ಅದಿರಿನ ಲಾರಿ ಕೊಂಡಾಗಿನಿಂದ ಅವನ ಕಣ್ಣಿಗೆ ಉಳಿದವರ ಕೆಲಸವೆಲ್ಲ ಆಟ.

ಸಂಜೆ ಲ್ಯಾಬಿನಿಂದ ಫೋನ್ ಬಂತು. ದೂರದರ್ಶಕದ ಲೆನ್ಸಿಗೆ ನಾನು ಅಂಟಿಸಿದ್ದ ತೆಳು ಪದರ ಕಡುಚಳಿಯ ಪರೀಕ್ಷೆಯಲ್ಲಿ ಎರಡು ಸಲ ಸಿಪ್ಪೆಯಂತೆ ಎದ್ದಿತ್ತು. ಈ ಸಲ ಗಟ್ಟಿಯಾಗಿ ಕೂತಿದೆ! ಕುಣಿದುಬಿಟ್ಟೆ.

"ಅದು ಏನ್ ಮಾಡ್ತೈತವಾ?" ಅಂದ ಮಾವ.

"ಕಣ್ಣಿಗೆ ಕಾಣದ ಬೆಳಕು ಮಾವ, ಕೋಟಿಗಟ್ಲೆ ವರ್ಷ ಹಾದಿ ಸವೆಸಿ ಬರ್ತೈತಿ. ಬರೀ ಲೆನ್ಸಿದ್ರ ಅದರಾಗ ಒಂದಿಷ್ಟು ಬಡದು ವಾಪಸ್ ಹೋಗ್ತೈತಿ. ಈ ಪದರ ಅದನ್ನ ಒಳಗ ಬಿಟ್ಕೊಂತೈತಿ."

"ಅಷ್ಟಕ್ಕ ನಾಕು ವರ್ಷ ಬೇಕಾತೇನು?" ನಕ್ಕ.

ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆ ಎತ್ತಲಿಲ್ಲ. "ಲೇ ಮನೋಹರ, ಅಷ್ಟು ದೂರದಿಂದ ಬಂದದ್ದು ಬಾಗ್ಲಾಗಿಂದ ಹೊಳ್ಳಿ ಹೋದ್ರ ಮನಿ ಮರ್ಯಾದಿ ಏನುಳಿತೈತಿ?"

ನಾಳೆಯೂ ಅವನು ನಗಲಿ. ಆ ಬಾಗಿಲು ತೆರೆದವಳು ನಾನು.