ಕೆಳಸಾಲಿನ ಎರಡು ಹಲ್ಲು

ಮಾರ್ಚ್ 4, ಬೆಳಿಗ್ಗೆ

ಮೂರನೇ ಸಲ ಹಲ್ಲುಜ್ಜಿದ್ದಾಯಿತು. ಹತ್ತಕ್ಕೆ ಬ್ಯಾಂಡ್ ಹಾಲ್‌ನಲ್ಲಿ ರಿಹರ್ಸಲ್. ಬಾಯಿ ಮುಕ್ಕಳಿಸಿದರೆ ಕೆಳಸಾಲಿನ ಮುಂದಿನ ಹಲ್ಲು ಜುಮ್ಮೆಂದಿತು. ಕನ್ನಡಿ ನೋಡಿದೆ — ಎರಡು ಹಲ್ಲು ಉದ್ದವಾಗಿವೆ! ನಲವತ್ತಮೂರನೇ ವಯಸ್ಸಿಗೆ ಹಲ್ಲು ಬೆಳೆಯುತ್ತದೆಯೇ? ಇವರನ್ನು ಕೇಳಿದೆ.

"ನಾಲಿಗೆ ಉದ್ದ ಅಂತ ಮದುವೆಯಾದಾಗ್ಲೇ ಗೊತ್ತಾಯ್ತು. ಈಗ ಹಲ್ಲೂನಾ?"

ಗಂಡನಿಗೆ ಎಲ್ಲವೂ ತಮಾಷೆ.

ಮಾರ್ಚ್ 6

ಹಲ್ಲಿನ ಡಾಕ್ಟರಮ್ಮ ತೆಳ್ಳಗಿನ ಸಲಾಕೆ ಇಟ್ಟು ಅಳೆದರು. "ಹಲ್ಲು ಬೆಳೆದಿಲ್ಲಮ್ಮ. ವಸಡು ಸರಿದು ಬೇರು ಕಾಣ್ತಿದೆ. ದಿನಕ್ಕೆ ಎಷ್ಟು ಸಲ ಉಜ್ತೀರಿ?"

"ಐದು. ಕೆಲವೊಮ್ಮೆ ಆರು." ಹೆಮ್ಮೆಯಿಂದಲೇ ಹೇಳಿದೆ.

ಕ್ಲಾರಿನೆಟ್ ಊದುವವರಿಗೆ ಅದು ಶಿಸ್ತು. ತಿಂದ ಬಾಯಲ್ಲಿ ಊದಿದರೆ ತುಟಿಗೆ ತಾಗುವ ತೆಳು ಪಟ್ಟಿ, ರೀಡ್, ಹಾಳು. ನನಗೆ ಕಲಿಸಿದ ಮೇಷ್ಟ್ರು ಮೌತ್‌ಪೀಸ್ ಮೂಸಿ ನೋಡುತ್ತಿದ್ದರು. ಗಡಸು ಬ್ರಷ್ಷೇ ಬೇಕು, ಗಸಗಸ ಸದ್ದು ಹೊರಗೆ ಕೇಳಬೇಕು. ಇಪ್ಪತ್ತೈದು ವರ್ಷ ಹಾಗೇ ತಿಕ್ಕಿದ್ದೇನೆ.

"ನೀವೇ ತಿಕ್ಕಿ ತಿಕ್ಕಿ ವಸಡು ಸವೆಸಿದ್ದೀರಿ" ಅಂದರು ಡಾಕ್ಟರಮ್ಮ.

ಸರಿದ ವಸಡು ತಾನಾಗಿ ವಾಪಸ್ ಬರುವುದಿಲ್ಲವಂತೆ. ಮೆದು ಬ್ರಷ್ ಹಿಡಿದು, ಕ್ಲೀನ್ ಮಾಡಿಸಿಕೊಂಡು, ಇರುವುದನ್ನು ಕಾಪಾಡಿಕೊಳ್ಳಬಹುದಿತ್ತು. ಆದರೆ ಒಂದು ಹಲ್ಲು ಆಗಲೇ ಸ್ವಲ್ಪ ಅಲುಗುತ್ತಿದೆ. ಬೇರಿನ ಮೇಲೆ ಫಿಲ್ಲಿಂಗ್ ಹಾಕಿದರೆ ಜುಮ್ಮೆನ್ನುವುದು ನಿಲ್ಲುತ್ತದೆ, ಅಷ್ಟೇ. ಡಾಕ್ಟರಮ್ಮನ ಒಲವು ಆಪರೇಷನ್ ಕಡೆಗೆ — ಅಂಗುಳಿನಿಂದ ಚೂರು ತೆಗೆದು ವಸಡಿಗೆ ಹೊಲಿಯುವುದು.

"ಆಮೇಲೆ ಎರಡು ತಿಂಗಳು ಊದೋ ಹಾಗಿಲ್ಲ."

ಏಪ್ರಿಲ್ ಎರಡಕ್ಕೆ ಬ್ಯಾಂಡಿನಲ್ಲಿ ಮೊದಲ ಕುರ್ಚಿಯ, ಅಂದರೆ ಮುಖ್ಯ ಕ್ಲಾರಿನೆಟ್‌ನ, ಆಯ್ಕೆ. ಫಿಲ್ಲಿಂಗ್ ಸಾಕು ಅಂದುಬಿಟ್ಟೆ.

ಮಾರ್ಚ್ 7

ಮೊದಲ ಕುರ್ಚಿಗೆ ಇಬ್ಬರೇ. ನಾನು, ಮತ್ತೆ ಕಡ್ಡಿ. ಮೈಕಟ್ಟು ಕಡ್ಡಿಯ ಹಾಗಿರುವುದರಿಂದ ಎಲ್ಲರ ಬಾಯಲ್ಲೂ ಅವನು ಕಡ್ಡಿ. ಎಂಟು ವರ್ಷ ನನ್ನ ಹತ್ತಿರವೇ ಕಲಿತವನು. ನಾನು ಎರಡನೇ ಕುರ್ಚಿಯಲ್ಲಿ ಹನ್ನೊಂದು ವರ್ಷ ಕೂತಿದ್ದೇನೆ. ಈ ಸಲ ತಪ್ಪಿದರೆ ಇನ್ನು ಜನ್ಮದಲ್ಲಿ ಇಲ್ಲ. ಬ್ಯಾಂಡ್ ಮಾಸ್ಟರ್‌ಗೆ ಹಲ್ಲಿನ ಸುದ್ದಿ ಹೋಗಕೂಡದು.

ಮಾರ್ಚ್ 19

ರಿಹರ್ಸಲ್ ಮಧ್ಯೆ ರೀಡ್ ಮೇಲೆ ರಕ್ತ. ಕರ್ಚೀಫಿನಲ್ಲಿ ಒರೆಸಿಕೊಂಡು ಸಿಂಕಿನ ಹತ್ತಿರ ಓಡಿದೆ. ಅಲ್ಲಿ ಕಡ್ಡಿ ಹಲ್ಲುಜ್ಜುತ್ತಿದ್ದ. ಗಸಗಸ, ನಾನು ಕಲಿಸಿದ ಹಾಗೇ. ಉಗಿದ ನೊರೆ ಗುಲಾಬಿ ಬಣ್ಣ.

"ಏನಕ್ಕಾ, ಹಾಗೆ ನೋಡ್ತಿದ್ದೀರಾ?"

ನಕ್ಕ. ಕೆಳಸಾಲು ಕಾಣಿಸಿತು. ಅವನ ವಸಡೂ ಸರಿಯತೊಡಗಿದೆ.

ಹೇಳಬೇಕಿತ್ತು. ಹೇಳಿದರೆ ನಿಮಗೆ ಹೇಗೆ ಗೊತ್ತು ಅನ್ನುತ್ತಾನೆ, ನನ್ನ ಹಲ್ಲಿನ ಗುಟ್ಟೂ ಹೊರಬೀಳುತ್ತದೆ... "ಏನಿಲ್ಲಪ್ಪ" ಅಂದೆ.

ಮಾರ್ಚ್ 20

ಇವತ್ತೂ ಹೇಳಲಿಲ್ಲ.

ಮಾರ್ಚ್ 24

ಹೇಳಲಿಲ್ಲ. ಅವನು ಎಷ್ಟು ಚೆನ್ನಾಗಿ ಊದಿದ ಅಂದರೆ, ಹೊಟ್ಟೆ ಉರಿಯಿತು. ಬರೆಯುವುದಕ್ಕೇ ನಾಚಿಕೆ.

ಮಾರ್ಚ್ 29, ಸಂಜೆ

"ಫಿಲ್ಲಿಂಗ್ ಗಟ್ಟಿಯಾಗಿದೆ. ಹಲ್ಲೇ ಸಡಿಲ ಆಗ್ತಿದೆ" ಅಂದರು ಡಾಕ್ಟರಮ್ಮ. ಇನ್ನು ಒಂದು ದಿನವೂ ಊದಬಾರದು. ಆಪರೇಷನ್ ಈ ವಾರವೇ ಆಗಬೇಕು; ಖಾಲಿ ಇರುವುದು ಏಪ್ರಿಲ್ ಎರಡರ ಬೆಳಿಗ್ಗೆ ಮಾತ್ರ.

ಸುಮ್ಮನೆ ಕೇಳಿದೆ. ಇಪ್ಪತ್ತಾರರ ಹುಡುಗ, ಉಜ್ಜಿದರೆ ರಕ್ತ, ಅವನಿಗೇನು ದಾರಿ?

"ತೋರಿಸ್ಲಿ. ಈಗ್ಲೇ ಗಡಸು ಬ್ರಷ್ ಬಿಟ್ರೆ ಬಹುಶಃ ಚಾಕು ಹಿಡಿಯೋದೇ ಬೇಡ. ನಿಮಗೆ ಯಾವಾಗಿಂದ ಗೊತ್ತು?"

"ಹತ್ತು ದಿನದಿಂದ."

ಅವರು ಗ್ಲೌಸ್ ಕಳಚಿದರು. ಕೈ ತೊಳೆಯಲು ಹೋದರು.

ಮಾರ್ಚ್ 30

ಸಿಂಕಿನ ಹತ್ತಿರ ಹೋಗಿ ಕಡ್ಡಿಯ ಬ್ರಷ್ ಕಿತ್ತುಕೊಂಡೆ. ಕೆಳತುಟಿ ಎಳೆದು ನನ್ನ ಹಲ್ಲು ತೋರಿಸಿದೆ. ಎಲ್ಲ ಹೇಳಿದೆ. ಮೊದಲು ನಕ್ಕ. ಆಮೇಲೆ ಕನ್ನಡಿಯ ಕಡೆ ತಿರುಗಿ ತಾನೂ ತುಟಿ ಎಳೆದು ನೋಡಿಕೊಂಡ. ತುಂಬ ಹೊತ್ತು ನೋಡಿಕೊಂಡ.

"ಯಾವಾಗ ನೋಡಿದ್ರಿ ಅಕ್ಕಾ?"

"ಹತ್ತೊಂಬತ್ತಕ್ಕೆ."

"ಮತ್ತೆ ಇವತ್ತಿನವರೆಗೆ?"

"ಕುರ್ಚಿ ಬೇಕಿತ್ತು ಕಣೋ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಲ್ಲಿ ನಿಲ್ಲಿಸಿ ಹೊರಗೆ ಹೋದ. ನಾನು ಬ್ಯಾಂಡ್ ಮಾಸ್ಟರ್ ರೂಮಿಗೆ ಹೋಗಿ ಆಯ್ಕೆಯಿಂದ ಹೆಸರು ತೆಗೆಸಿದೆ.

ಏಪ್ರಿಲ್ 2, ಬೆಳಿಗ್ಗೆ 9.55, ಕ್ಲಿನಿಕ್

ಇಂಜೆಕ್ಷನ್ ಆಯಿತು. ಅಂಗುಳು, ಕೆಳತುಟಿ ಎರಡೂ ಮರಗಟ್ಟುತ್ತಿವೆ. ಪೂರ್ತಿ ಮರಗಟ್ಟುವವರೆಗೆ ಹೊರಗೆ ಕೂರಿಸಿದ್ದಾರೆ. ಇವರು ಪಕ್ಕದಲ್ಲಿ ಕೂತು ಪೇಪರ್ ಓದುವ ನಾಟಕ ಮಾಡುತ್ತಿದ್ದಾರೆ. ಒಂದೂ ತಮಾಷೆ ಇಲ್ಲ ಇವತ್ತು.

ಹತ್ತಕ್ಕೆ ಆಯ್ಕೆಯಲ್ಲಿ ಕಡ್ಡಿ ಒಬ್ಬನೇ ಊದಬೇಕು. ಅವತ್ತಿನಿಂದ ಮಾತಿಲ್ಲ. ತಪ್ಪಲಿ ಎಂದು ಒಂದು ಮನಸ್ಸು ಇನ್ನೂ ಅನ್ನುತ್ತಿದೆ, ಹಾಳಾದ್ದು. ಆದರೆ ಎಡಗೈ ಬೆರಳುಗಳು ಆಗಲೇ ಮಂಡಿಯ ಮೇಲೆ ಅವನು ಊದಬೇಕಾದ ಪಾಠ ನುಡಿಸುತ್ತಿವೆ. ಹತ್ತು ಆಯಿತು. ಶುರು ಮಾಡಿರುತ್ತಾನೆ. ಮೊದಲ ಸಾಲು... ಎರಡನೆಯದು... ಅವಸರ ಬೇಡ ಕಣೋ, ಇಲ್ಲಿ ಉಸಿರು ತಗೋ, ಇನ್ನೂ ತಗೋ, ಈಗ —