ಸದ್ದಡಗಿದ ಸುರಂಗಕ್ಕೆ ತಮ್ಮ ಅಭಯಪತ್ರ

ಗಣಿ ಸುರಕ್ಷತೆಯ ಹೊಣೆ ಹೊತ್ತ ಮಾನ್ಯರೇ,

ತಾಮ್ರದ ಗಣಿಯ ಏಳನೇ ಸುರಂಗ ಈಗ ಸುರಕ್ಷಿತ, ಸೋಮವಾರದಿಂದ ಕೆಲಸ ಶುರು ಎಂಬ ತಮ್ಮ ನೋಟೀಸನ್ನು ಓದಿದೆ. ಅಬ್ಬಾ, ಎಂಥ ಧೈರ್ಯ! ಆಂಡಿಸ್ ಬೆಟ್ಟವನ್ನೇ ತಲೆಯ ಮೇಲೆ ಹೊತ್ತ ಬಂಡೆ ಯಾವಾಗ ಸಿಡಿಯುತ್ತದೆಂದು ಹೇಳಲು ಲೋಕದ ಪಂಡಿತರೆಲ್ಲ ತಡವರಿಸುತ್ತಿರುವಾಗ, ಯಾವಾಗ ಸಿಡಿಯುವುದಿಲ್ಲ ಎಂಬುದನ್ನು ತಾವು ರಾಜಧಾನಿ ಸ್ಯಾಂಟಿಯಾಗೊದ ಕುರ್ಚಿಯಲ್ಲಿ ಕೂತೇ ಕಂಡುಹಿಡಿದಿರಿ. ಆ ಸುರಂಗದಲ್ಲಿ ಕೊರೆಯುವ ಯಂತ್ರ ನಡೆಸುವವಳು ನನ್ನ ಮಗಳು ನಿಲ್ದಾ. ಅದಕ್ಕೇ ಈ ಪತ್ರ.

ತಮ್ಮ ವಿದ್ಯೆ ನನಗೂ ಅಷ್ಟಿಷ್ಟು ಅರ್ಥವಾಗಿದೆ. ಗೇಣುದ್ದದ ಕಲ್ಲನ್ನು ಪ್ರಯೋಗಾಲಯದಲ್ಲಿ ಒತ್ತುತ್ತೀರಿ. ಅದು ಒಳಗೊಳಗೇ ಬಿರುಕುಬಿಟ್ಟು ಚಟಚಟ ಎನ್ನುತ್ತದೆ, ಕೊನೆಗೆ ಒಡೆಯುತ್ತದೆ. ಆದ್ದರಿಂದ ಸುರಂಗದ ಗೋಡೆಗೂ ಯಂತ್ರದ ಕಿವಿ ಅಂಟಿಸಿ, ಸದ್ದು ಹೆಚ್ಚಿದರೆ ಮುಚ್ಚಿ, ಹನ್ನೆರಡು ಗಂಟೆ ಕಾಲ ಸದ್ದಿಲ್ಲದಿದ್ದರೆ ತೆರೆಯಿರಿ ಎಂಬುದು ತಮ್ಮ ನಿಯಮ! ಎಷ್ಟು ಸಲೀಸು! ಆದರೆ ಪೆಡಸು ಬಂಡೆ ಮರದ ತೊಲೆಯ ಹಾಗೆ ಬಾಗಿ, ಕಿರುಗುಟ್ಟಿ, ಹೇಳಿ ಕೇಳಿ ಮುರಿಯುವ ಜಾತಿಯದಲ್ಲ ಸ್ವಾಮಿ. ಕೆಲವು ಸಲ ಸಿಡಿಯುವ ಮುನ್ನ ತೆಪ್ಪಗಾಗುತ್ತದೆ. ಕೆಲವು ಸಲ ತೆಪ್ಪಗಾಗಿ ತೆಪ್ಪಗೇ ಉಳಿಯುತ್ತದೆ. ಯಾವುದು ಯಾವಾಗ ಎಂದು ತಮಗೆ ಗೊತ್ತೆ? ಮೂವತ್ತೊಂದು ವರ್ಷ ಅದರ ಹೊಟ್ಟೆಯಲ್ಲೇ ಕೆಲಸ ಮಾಡಿದ ನನಗಂತೂ ಗೊತ್ತಿಲ್ಲ.

ಉದ್ದನೆಯ ಹಾರೆಯಿಂದ ಸುರಂಗದ ಚಾವಣಿ ಬಡಿದು ನೋಡುವುದು ನನ್ನ ಕಸುಬಾಗಿತ್ತು. ‘ದೊಬ್’ ಎಂದರೆ ಚಕ್ಕೆ ಸಡಿಲ, ಕೆಡವಬೇಕು. ‘ಟಣ್’ ಎಂದರೆ ಗಟ್ಟಿ. ಎರಡು ವರ್ಷದ ಹಿಂದೆ ಐದನೇ ಸುರಂಗವನ್ನು ತಾವು ಇದೇ ನಿಯಮದಂತೆ ತೆರೆಸಿದಾಗ ನನ್ನ ಜೊತೆಗಾರ ಅನ್ಸೆಲ್ಮೊ ಬಾಗಿಲಲ್ಲೇ ನಿಂತುಬಿಟ್ಟ.

“ಬಾಲ್ದೊ, ಗುಡ್ಡ ಮಾತೇ ಬಿಟ್ಟಿದೆ ಮಾರಾಯ. ಯಾಕೋ ಸರಿ ಕಾಣ್ತಿಲ್ಲ. ಟೀ ಡಬ್ಬಿ ಎತ್ಕೋ, ಹೋಗೋಣ.”

ನಾನು ಬಡಿದೆ. ಟಣ್! ಇಗರ್ಜಿಯ ಗಂಟೆಯೇ ಸರಿ. “ಬಾರೋ ಪುಕ್ಕಲ, ನಿನ್ನ ಹಲ್ಲಿಗಿಂತ ಗಟ್ಟಿಯಾಗಿದೆ” ಎಂದು ಚುಡಾಯಿಸಿ ಒಳಗೆ ಕರೆದೆ. ಹಾರೆಗೆ ಸಿಗುವುದು ಸಡಿಲ ಚಕ್ಕೆ ಮಾತ್ರ. ಹೊರಲಾರದಷ್ಟು ಭಾರ ಹೊತ್ತು ಬಿಗಿದುಕೊಂಡ ಬಂಡೆಯೂ ಟಣ್ ಎಂದೇ ನುಡಿಯುತ್ತದೆ ಎಂಬುದು ಆ ಮಧ್ಯಾಹ್ನ ತಿಳಿಯಿತು. ಗೋಡೆ ಸಿಡಿಯಿತು. ಅನ್ಸೆಲ್ಮೊನ ಹೆಣ ತೆಗೆಯಲು ಮೂರು ದಿನ ಹಿಡಿಯಿತು. ತಮ್ಮ ವರದಿ ಅದನ್ನು ‘ಅನಿರೀಕ್ಷಿತ’ ಎಂದು ಕರೆದು ಕಡತ ಮುಚ್ಚಿತು. ನಾನು ಆ ಪದ ಬಳಸಲಾರೆ. ಅವನು ನಿರೀಕ್ಷಿಸಿದ್ದ. ಒಳಗೆ ಕರೆದವನು ನಾನು.

ಮೊನ್ನೆ ನಿಲ್ದಾ ಗಣಿಯ ಮೇಸ್ತ್ರಿಯನ್ನು ಕೇಳಿದಳಂತೆ: “ಅಲ್ಲಾ ಸಾರ್, ಒಳಗೆ ಹೋದ್ಮೇಲೆ ಭಯ ಆದ್ರೆ ಹೊರಗೆ ಬರಬಹುದಾ?”

“ಧಾರಾಳವಾಗಿ ಬಾಮ್ಮಾ! ‘ಕೆಲಸ ಬಿಟ್ಟು ಓಡಿದಳು’ ಅಂತ ಬರ್ಕೋತೀವಿ ಅಷ್ಟೆ. ಎರಡು ಸಲ ಬರೆದ್ರೆ ಆಮೇಲೆ ಮನೇಲೇ ಇರಬಹುದು.”

ಅದೂ ತಮ್ಮದೇ ನಿಯಮವಂತೆ. ಎಂಥ ಔದಾರ್ಯ!

ಬಂಡೆ ಸಿಡಿಯುವ ಗಳಿಗೆ ಹೇಳಿ ಎಂದು ನಾನು ಕೇಳುತ್ತಿಲ್ಲ. ಗೊತ್ತಿಲ್ಲದಿರುವುದು ಅಪರಾಧವಲ್ಲ. ‘ನಮಗೆ ಗೊತ್ತಿಲ್ಲ’ ಎಂದು ನೋಟೀಸಿನಲ್ಲಿ ಬರೆಯಿರಿ. ಗೋಡೆಗೆ ಉಕ್ಕಿನ ಬಲೆ ಬಿಗಿಯುವವರೆಗೆ ಯಾರನ್ನೂ ಕೆಲಸಕ್ಕೆ ಇಳಿಸಬೇಡಿ. ಹೆದರಿ ಹೊರಬಂದವರ ಅನ್ನ ಕಿತ್ತುಕೊಳ್ಳಬೇಡಿ. ಇದಾಗದಿದ್ದರೆ ಸೋಮವಾರ ಬಂದು, ಪಾಳಿ ಮುಗಿಯುವ ತನಕ ನನ್ನ ಮಗಳ ಪಕ್ಕದಲ್ಲಿ ನಿಲ್ಲಿ. ತಾವು ಬರುವುದಿಲ್ಲ, ಬಲ್ಲೆ. ನಾನು ಬರುತ್ತೇನೆ, ಬಾಗಿಲಿಗೆ ಅಡ್ಡ ಮಲಗುತ್ತೇನೆ. ಅವಳನ್ನು ಒಳಗೆ ಕಳಿಸಬೇಕಾದರೆ ನನ್ನನ್ನು ಎತ್ತಿ ಆಚೆ ಹಾಕಿಸಿ.

ಇಂತಿ,
ತಮ್ಮ ವಿಶ್ವಾಸಿ ಎಂದು ಬರೆಯಲು ಕೈ ಬಾರದ,
ಬಾಲ್ದೊಮೆರೊ ಕರೆನ್ಯೊ