ಹರಿಹರಕ್ಕೆ ನಾನೇ ಹೊರಟಿದ್ದೇನೆ

ಕೊಟ್ರೇಶ,

ನೀನು ಶಿಫ್ಟ್ ಮುಗಿಸಿ ಬರುವಾಗ ನಾನು ಮನೆಯಲ್ಲಿರುವುದಿಲ್ಲ, ಗಾಬರಿಯಾಗಬೇಡ. ಗಾಲಿಕುರ್ಚಿ ಸಮೇತ ಹರಿಹರದ ನಿನ್ನ ಚಿಕ್ಕಮ್ಮನ ಮನೆಗೆ ಹೋಗುತ್ತಿದ್ದೇನೆ. ನಮ್ಮ ಓಣಿಯ ರೇವತಿ ತನ್ನ ಆಟೊದ ಹಿಂದೆ ಇಳಿಜಾರು ಹಲಗೆ ಮಾಡಿಸಿದ್ದಾಳೆ. ಕುರ್ಚಿ ಸೀದಾ ಒಳಗೆ ಹೋಗುತ್ತದೆ, ಅವಳು ಬೆಲ್ಟ್ ಹಾಕಿ ಬಿಗಿಯುತ್ತಾಳೆ. ನಿನ್ನೆ ಓಣಿಯ ಕೊನೆಯವರೆಗೂ ಹೋಗಿ ನೋಡಿದೆ.

ಕಳೆದ ತಿಂಗಳು ನನ್ನನ್ನು ಎತ್ತಿ ಬಸ್ ಹತ್ತಿಸಲು ಹೋಗಿ ನಿನ್ನ ಸೊಂಟ ಹಿಡಿಯಿತು. "ಅಜ್ಜಿನ ಮನ್ಯಾಗ ಬಿಟ್ಟು ಬರಬಾರ್ದೇನ್ರಿ" ಎಂದು ಹಿಂದಿನಿಂದ ಯಾರೋ ಅಂದರು. ನಾವು ಹರಿಹರಕ್ಕೆ ಹೋಗದೆ ತಿರುಗಿ ಬಂದೆವು. ಇನ್ನು ಹಾಗೆ ತಿರುಗಿ ಬರುವವಳಲ್ಲ ನಾನು.

ಅನ್ನ, ಸಾರು ಮುಚ್ಚಿಟ್ಟಿದ್ದೇನೆ. ಊಟ ಮಾಡಿ ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗು. ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡಬೇಡ. ಸಂಜೆ ಆರಕ್ಕೆ ಬರುತ್ತೇನೆ.

"ನಿನ್ನ ಗಾಡಿಗೆ ಎಷ್ಟು ಮಂದಿ ಬರ್ತಾರವ್ವ?" ಎಂದು ರೇವತಿಯನ್ನು ಕೇಳಿದೆ. "ನೀವೇ ಮೊದಲ್ನೇರು ಅಮ್ಮಾರೆ. ನಿಮ್ಮಂಥೋರಿಗೂ ಗಾಡಿ ಐತೆ ಅಂತ ಯಾರಿಗೂ ಗೊತ್ತೇ ಇಲ್ಲ" ಎಂದಳು.

ಅದಕ್ಕೇ ಹೈವೇ ಬೇಡ, ಊರ ನಡುವಿನ ಹಳೇ ಪಿ.ಬಿ. ರಸ್ತೆಯಲ್ಲೇ ನಿಧಾನವಾಗಿ ಓಡಿಸು ಎಂದಿದ್ದೇನೆ. ನಾಲ್ಕು ಜನ ನನ್ನನ್ನು ನೋಡಲಿ.

ಅವ್ವ